ಕುದುರೆಗೂ ಬರುವ ದಮ್ಮು

ಮುದಿ ಕುದುರೆ ತಿಂಗಳುಗಟ್ಟಲೆ ಕೆಮ್ಮುತ್ತಿದೆ, ಹೇರು ಹೊತ್ತು ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಪಶುವೈದ್ಯರು ನೋಡಿ, ‘ಇದು ದಮ್ಮು, ಪೂರ್ತಿ ವಾಸಿಯಾಗುವುದಿಲ್ಲ’ ಎಂದಿದ್ದಾರೆ. ಅಷ್ಟಕ್ಕೇ ಅದರ ಆಯಸ್ಸು ಮುಗಿಯಿತೆಂದು ತಿಳಿದು ಸಿಕ್ಕ ಬೆಲೆಗೆ ಮಾರಬೇಡಿ. ವಾಸಿಯಾಗದ ಕಾಯಿಲೆಯನ್ನೂ ಹತೋಟಿಯಲ್ಲಿಡಬಹುದು. ಅಸ್ತಮಾ ಇರುವ ಎಷ್ಟು ಜನ ದಶಕಗಟ್ಟಲೆ ದುಡಿದು ಬಾಳುತ್ತಿಲ್ಲ?

ಹೊನ್ನಾಳಿ ಸೀಮೆಯ ಗದ್ದೆಬಯಲಿನಲ್ಲಿ ಕುದುರೆ ಕಾಣುವುದು ಹೆಚ್ಚಾಗಿ ಕುರಿಗಾಹಿಗಳ ಜೊತೆ. ಭತ್ತದ ಕೊಯ್ಲಾದ ಗದ್ದೆಗಳಲ್ಲಿ ಮಂದೆ ನಿಲ್ಲಿಸುತ್ತಾ ಊರಿಂದೂರಿಗೆ ಹೋಗುವಾಗ ಪಾತ್ರೆಪಡಗ, ಹಾಸಿಗೆ ಎಲ್ಲವೂ ಅದರ ಬೆನ್ನ ಮೇಲೆ. ಆಗ ಸುಲಭವಾಗಿ ಸಿಗುವ ಮೇವು ಒಣಹುಲ್ಲು. ಮಳೆಗೆ ನೆಂದು ಬೂಸ್ಟು ಹಿಡಿದ ಹುಲ್ಲಿನ ದೂಳೇ ಈ ರೋಗವನ್ನು ಕೆರಳಿಸುವುದು. ಆ ದೂಳಿನಿಂದ ಶ್ವಾಸನಾಳದ ಒಳಪೊರೆ ಊದಿ, ಸ್ನಾಯು ಬಿಗಿದು, ಕಫ ಕಟ್ಟುತ್ತದೆ. ಕುದುರೆ ನಮ್ಮಂತೆ ಬಾಯಿಯಿಂದ ಉಸಿರಾಡಲಾರದು. ಒಳಗೆ ಸಿಕ್ಕಿದ ಗಾಳಿಯನ್ನು ಹೊಟ್ಟೆ ಬಿಗಿಹಿಡಿದು ಹೊರದೂಡಿ ದೂಡಿ ಪಕ್ಕೆಯ ಕೆಳಗೆ ಒಂದು ಗೆರೆಯೇ ಮೂಡುತ್ತದೆ.

ಇದಕ್ಕೆ ಮೊದಲ ಔಷಧಿ ನೀರು. ಹುಲ್ಲನ್ನು ನೀರಿನಲ್ಲಿ ಅದ್ದಿ, ಹಸಿಯಾಗಿರುವಾಗಲೇ ಹಾಕಿ. ಬೂಸ್ಟು ಹಿಡಿದದ್ದನ್ನು ತೊಳೆದೂ ಹಾಕಬೇಡಿ. ಹಸಿರು ಮೇವು ಸಿಕ್ಕರೆ ಇನ್ನೂ ಒಳ್ಳೆಯದು. ಬಣವೆಯ ಪಕ್ಕದಲ್ಲಿ ಕಟ್ಟದೆ ಗಾಳಿಯಾಡುವ ಬಯಲಿನಲ್ಲಿ ಕಟ್ಟಿ. ಉಸಿರು ಹಗುರಾಗಲು ವಾರಗಳೇ ಬೇಕು. ಕೆಡಲು ಒಂದು ದಿನದ ದೂಳು ಸಾಕು. ದಿನಾ ಬೆಳಿಗ್ಗೆ ಅದು ಸುಮ್ಮನೆ ನಿಂತಿರುವಾಗ ಪಕ್ಕೆ ನೋಡಿ ಉಸಿರು ಎಣಿಸಿ. ಆರೋಗ್ಯವಂತ ಕುದುರೆಗೆ ನಿಮಿಷಕ್ಕೆ 8ರಿಂದ 16. ಲೆಕ್ಕ ಏರುತ್ತಾ ಹೋದರೆ ಪಶುವೈದ್ಯರಿಗೆ ತಿಳಿಸಿ.

ಅವರು ಸ್ಟೆರಾಯ್ಡ್ ಕೊಟ್ಟರೆ ಹೇಳಿದಷ್ಟು ದಿನ ಮಾತ್ರ ಹಾಕಿ. ಹೆಚ್ಚಾದರೆ ಗೊರಸಿನೊಳಗೆ ಊತ ಬಂದು ಕುದುರೆ ನಿಲ್ಲಲಾರದಂತಾಗಬಹುದು. ಮನೆಯ ಅಜ್ಜನ ದಮ್ಮಿನ ಮಾತ್ರೆಯನ್ನಂತೂ ಕೊಡಲೇಬೇಡಿ. ನನ್ನಂಥ ಮನುಷ್ಯರ ವೈದ್ಯನನ್ನು ಕೇಳಿಯೂ ಕೊಡಬೇಡಿ!

ಹೇರಿನ ಮಾತು ಕಷ್ಟದ್ದು. ವಿಶ್ರಾಂತಿ ಕೊಡಿ ಎಂದು ಬರೆಯುವುದು ಸುಲಭ, ಸಾಮಾನು ಹೊರುವವರಾರು? ಆದರೂ ದಮ್ಮು ಎದ್ದ ದಿನ ಹೇರಲೇಬಾರದು. ಮೇವು ಬಿಟ್ಟು, ನಿಂತಲ್ಲೇ ಏದುಸಿರು ಬಿಡುತ್ತಾ ಬಡವಾಗುತ್ತಿದ್ದರೆ, ನೋವಿಲ್ಲದೆ ಕೊನೆಗಾಣಿಸುವ ಮಾತನ್ನು ಪಶುವೈದ್ಯರೇ ಎತ್ತಬಹುದು. ಅದಕ್ಕೆ ಅವರ ಮೇಲೆ ಸಿಟ್ಟಾಗಬೇಡಿ.

ಜ್ವರ, ಮೂಗಿನಿಂದ ಕೀವು, ಮೈಮೇಲೆ ಗಂಟು ಒಡೆದ ಹುಣ್ಣು ಕಂಡರೆ ಅದು ದಮ್ಮಲ್ಲ, ಗ್ಲಾಂಡರ್ಸ್ ಇರಬಹುದು. ಅದು ಮನುಷ್ಯರಿಗೂ ತಗಲುವ ಮಾರಕ ರೋಗ. ಕುದುರೆಯನ್ನು ಬೇರೆ ಕಟ್ಟಿ, ಬರಿಗೈಯಲ್ಲಿ ಮುಟ್ಟದೆ, ಪಶು ಆಸ್ಪತ್ರೆಗೆ ಅಂದೇ ಸುದ್ದಿ ಮುಟ್ಟಿಸಿ.

ಇನ್ನು, ಹುಲ್ಲು ಕೊಡವುವ ನಿಮಗೂ ಕೆಮ್ಮಿದೆಯೇ? ಅದೇ ಬೂಸ್ಟಿನ ದೂಳು ನಿಮ್ಮ ಶ್ವಾಸಕೋಶವನ್ನೂ ಕೆಡಿಸುತ್ತದೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಕೆಮ್ಮು 2 ವಾರ ಮೀರಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ.