ನಿನ್ನೆಯ ಮಗುವನ್ನು ಬಲ್ಲವರು

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಎರೆ ಹೊಲಗಳಲ್ಲಿ ಹೆಸರು ಬಿಡಿಸುವ ಕಾಲ ಬಂತೆಂದರೆ ಹೆಣ್ಣುಮಕ್ಕಳು ಹೊತ್ತು ಏರುವುದರೊಳಗೆ ಬುತ್ತಿ ಕಟ್ಟಿಕೊಂಡು ಹೊಲದ ದಾರಿ ಹಿಡಿಯುತ್ತಾರೆ. ಹೆಸರು ಮುಗಿದರೆ ಉಳ್ಳಾಗಡ್ಡಿ, ಆಮೇಲೆ ಮೆಣಸಿನಕಾಯಿ, ಹತ್ತಿ, ಕಡಲೆ. ನಡೆಯಲು ಬರುವ, ಆದರೆ ಬಿಸಿಲಲ್ಲಿ ಬದುವಿನ ಮೇಲೆ ದಿನವಿಡೀ ಕೂರಿಸಲಾಗದ ಮಕ್ಕಳು ಅಂಗನವಾಡಿಗೆ ಬರುತ್ತಾರೆ. ಬಹಳ ಕಡೆ ಅದು ಒಂದೇ ಕೋಣೆ. ಇಪ್ಪತ್ತು ಇಪ್ಪತ್ತೈದು ಮಕ್ಕಳು, ಎಲ್ಲರೂ ಅಕ್ಕೋರು ಎಂದು ಕರೆಯುವ ಒಬ್ಬ ಕಾರ್ಯಕರ್ತೆ, ಒಬ್ಬ ಆಯಾ. ಒಬ್ಬರ ಚಮಚ ಇನ್ನೊಬ್ಬರ ಬಾಯಲ್ಲಿ, ಒಬ್ಬರ ಕೆಮ್ಮು ಇನ್ನೊಬ್ಬರ ಮುಖದ ಮೇಲೆ. ಇಂಥ ಜಾಗದಲ್ಲಿ ಎಳೆಯ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಬಂದುಹೋಗುವುದನ್ನು ಯಾರೂ ತಡೆಯಲಾರರು. ಆ ನೆಗಡಿ ಎದೆಗೆ ಇಳಿಯದಂತೆ, ಒಂದು ಮಗುವಿನ ಭೇದಿ ಇಡೀ ಕೋಣೆಗೆ ಹಬ್ಬದಂತೆ, ಕಾಯಿಲೆ ಬಿದ್ದ ಮಗು ಸೊರಗಿ ಮತ್ತೆ ಕಾಯಿಲೆ ಬೀಳದಂತೆ ತಡೆಯಬಹುದು. ಹಾಗೆ ತಡೆಯುವುದು ಒಂದು ಕಸುಬು. ನಮ್ಮಲ್ಲಿ ಅದನ್ನು ಕಸುಬೆಂದು ಎಣಿಸಿದವರು ಕಡಿಮೆ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆಗಳಲ್ಲಿ. ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಅಲ್ಲಿಂದ ಇಂದಿನವರೆಗೆ ಅಕ್ಕೋರ ಕೈಗೆ ಹತ್ತಾರು ಸಾಮಾನು ಬಂದಿವೆ: ತಕ್ಕಡಿ, ಎತ್ತರ ಅಳೆಯುವ ಕೋಲು, ತೋಳಿನ ಟೇಪು, 2021ರಿಂದ ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್. ಆದರೆ ಇಡೀ ಕೆಲಸ ನಿಂತಿರುವುದು ಇವು ಯಾವುದರ ಮೇಲೂ ಅಲ್ಲ. ಈ ಮಗು ನಿನ್ನೆ ಹೇಗಿತ್ತು ಎಂಬುದು ಅವರಿಗೆ ಗೊತ್ತಿರುತ್ತದೆ. ಡಾಕ್ಟರಿಗೆ ಅದು ಗೊತ್ತಿರುವುದಿಲ್ಲ. ಎಷ್ಟೋ ಸಲ, ಕತ್ತಲಲ್ಲಿ ಎದ್ದು ಕತ್ತಲಾದ ಮೇಲೆ ಮನೆ ಸೇರುವ ತಾಯಿಗೂ ಪೂರ್ತಿ ಗೊತ್ತಿರುವುದಿಲ್ಲ.

ಬೆಳಗ್ಗೆ ಬಾಗಿಲಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಆಯಾ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುತ್ತಾಳೆ. ಅಕ್ಕೋರು ಬಾಗಿಲ ಬಳಿ ಕೂತು ಒಂದೊಂದು ಮಗುವನ್ನೂ ಹತ್ತಿರ ಕರೆದು ಕೈ ಹಿಡಿಯುತ್ತಾರೆ. ನೋಡುವವರಿಗೆ ಅದು ಮುದ್ದು ಮಾಡಿದಂತೆ ಕಾಣುತ್ತದೆ. ಹಿಡಿದ ಕೈ ಬಿಸಿ ಇದೆಯೇ ಎಂದು ನೋಡಿಯಾಯಿತು. ಬೆರಳ ಸಂದಿಯಲ್ಲಿ ಕಜ್ಜಿಯ ಗುಳ್ಳೆ, ಉಗುರಿನೊಳಗೆ ಮಣ್ಣು ಕಂಡವು. “ಯಾಕೋ ತಮ್ಮಾ, ಉಂಡಿಲ್ಲೇನು?” ಎಂದು ಕೇಳುವಾಗ ಕಣ್ಣು ಕೆಂಪಾಗಿದೆಯೇ, ರೆಪ್ಪೆ ಅಂಟಿದೆಯೇ, ಮೂಗಿನಿಂದ ಸೋರುವುದು ನೀರೋ ಗಟ್ಟಿಯೋ ಎಂಬುದೆಲ್ಲ ಗೊತ್ತಾಯಿತು. ಉತ್ತರ ಕೊಡುವ ದನಿಯಲ್ಲಿ ಗಂಟಲು ಹೇಗಿದೆ ಎಂಬುದೂ ತಿಳಿಯಿತು. ದಿನವೂ ಓಡಿಬಂದು ಆಟದ ಸಾಮಾನಿನ ಬುಟ್ಟಿಗೆ ಕೈಹಾಕುವ ಹುಡುಗಿ ಇವತ್ತು ಗೋಡೆಗೆ ಆತು ಕೂತರೆ, ಜ್ವರ ಬರುವ ಮೊದಲೇ ಅಕ್ಕೋರ ಕಣ್ಣು ಆ ಕಡೆ ಹೊರಳುತ್ತದೆ. ಗಜೇಂದ್ರಗಡದ ನೇಕಾರರಿಗೆ ಸಾವಿರ ಎಳೆಗಳ ನಡುವೆ ಕಡಿದ ಒಂದು ಎಳೆ ಹೇಗೆ ಕಣ್ಣಿಗೆ ಬೀಳುತ್ತದೋ ಹಾಗೆ. ಈ ನೋಟ ಒಂದು ದಿನದ ತರಬೇತಿಯಲ್ಲಿ ಬರುವುದಿಲ್ಲ. ಅದೇ ಮಕ್ಕಳನ್ನು ತಿಂಗಳುಗಟ್ಟಲೆ ದಿನವೂ ಕಂಡವರಿಗೆ ಮಾತ್ರ ಬರುತ್ತದೆ.

ತೂಕ ಹಾಕುವುದರಲ್ಲಿಯೂ ಇದೇ ತತ್ವ. ತಕ್ಕಡಿಯ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ಮೊದಲು ನೋಡಬೇಕು. ಚಪ್ಪಲಿ, ಸ್ವೆಟರ್ ತೆಗೆಸಬೇಕು. ನಮ್ಮ ಕಡೆ ಮಕ್ಕಳ ಕಾಲಲ್ಲಿ ಬೆಳ್ಳಿ ಕಡಗ, ನಡುವಿನಲ್ಲಿ ಉಡದಾರ ಇರುತ್ತವೆ. ಕಳೆದ ತಿಂಗಳು ಕಡಗದೊಂದಿಗೆ ತೂಗಿ ಈ ತಿಂಗಳು ಕಡಗವಿಲ್ಲದೆ ತೂಗಿದರೆ ಮಗು ಸೊರಗಿತೆಂದು ಸುಳ್ಳೇ ಗಾಬರಿಯಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಇದರ ತಿರುವುಮುರುವು: ನಿಜವಾಗಿ ಸೊರಗಿದ್ದು ಕಡಗದ ತೂಕದಲ್ಲಿ ಮುಚ್ಚಿಹೋಗುವುದು. ತೂಗಿದ ಮೇಲೆ ಬೆಳವಣಿಗೆಯ ನಕ್ಷೆಯಲ್ಲಿ ಒಂದು ಚುಕ್ಕೆ, ಹಿಂದಿನ ಚುಕ್ಕೆಯಿಂದ ಅದಕ್ಕೊಂದು ಗೆರೆ. ಹಸಿರು ಪಟ್ಟಿಯಲ್ಲಿದ್ದರೆ ಸರಿ, ಹಳದಿಗೆ ಇಳಿದರೆ ಎಚ್ಚರ ಎಂದು ಹೊಸಬರು ಬಣ್ಣವನ್ನಷ್ಟೇ ನೋಡುತ್ತಾರೆ. ಅನುಭವಸ್ಥರು ಗೆರೆಯ ಓಟ ನೋಡುತ್ತಾರೆ. ಹಸಿರಿನಲ್ಲೇ ಇದ್ದರೂ ಗೆರೆ ಎರಡು ತಿಂಗಳು ಏರದೆ ಅಡ್ಡ ಮಲಗಿತೆಂದರೆ ಆ ಮಗುವಿಗೆ ಏನೋ ಆಗಿದೆ. ಹಳದಿಯಲ್ಲಿದ್ದೂ ತಿಂಗಳು ತಿಂಗಳು ಮೇಲೇರುತ್ತಿರುವ ಮಗು ಇದಕ್ಕಿಂತ ಗಟ್ಟಿ ದಾರಿಯಲ್ಲಿದೆ. ಮಗುವನ್ನು ಪಕ್ಕದ ಮಗುವಿನೊಂದಿಗೆ ಹೋಲಿಸದೆ ಅದರ ನಿನ್ನೆಯೊಂದಿಗೇ ಹೋಲಿಸುವ ಈ ಜಾಣತನ ನನಗೆ ಬಹಳ ದೊಡ್ಡದೆನಿಸುತ್ತದೆ.

ತೋಳಿನ ಟೇಪಿನದು ಇನ್ನೊಂದು ನಾಜೂಕು. ಎಡಗೈ ಸಡಿಲವಾಗಿ ಇಳಿಬಿಟ್ಟಿರಬೇಕು. ಭುಜದ ತುದಿ ಮತ್ತು ಮೊಣಕೈಯ ನಟ್ಟನಡುವೆ ಟೇಪು ಸುತ್ತಬೇಕು, ಚರ್ಮ ಒತ್ತಲೂಬಾರದು, ಸಂದಿ ಬಿಡಲೂಬಾರದು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ. ಇಲ್ಲಿ ಅರ್ಧ ಸೆಂಟಿಮೀಟರಿನ ತಪ್ಪು ಒಂದು ಮಗುವನ್ನು ಆರೈಕೆಯಿಂದ ಹೊರಗೆ ಬಿಟ್ಟುಬಿಡಬಲ್ಲದು. ತಕ್ಕಡಿಯೇ ಸುಳ್ಳು ಹೇಳುವ ಸಂದರ್ಭವೂ ಉಂಟು. ಅಪೌಷ್ಟಿಕತೆಯಿಂದ ಮೈಯಲ್ಲಿ ನೀರು ತುಂಬಿಕೊಂಡ ಮಗು ದುಂಡಗೆ ಕಾಣುತ್ತದೆ, ತೂಕವೂ ಸರಿಯಾಗಿಯೇ ಬರುತ್ತದೆ. ಅದಕ್ಕೆ ಎರಡೂ ಪಾದಗಳ ಮೇಲೆ ಹೆಬ್ಬೆರಳಿಟ್ಟು ಮೂರು ಸೆಕೆಂಡು ಒತ್ತಿ ನೋಡುತ್ತಾರೆ. ಬೆರಳು ತೆಗೆದ ಮೇಲೂ ಎರಡೂ ಕಡೆ ಗುಳಿ ಹಾಗೆಯೇ ಉಳಿದರೆ ತೂಕವೆಷ್ಟೇ ಇರಲಿ, ಆ ಮಗುವನ್ನು ಅವತ್ತೇ ಆಸ್ಪತ್ರೆಗೆ ಕಳಿಸಬೇಕು.

ಇನ್ನು ಕೈ ತೊಳೆಸುವುದು. ಇದನ್ನು ಸಣ್ಣ ಕೆಲಸವೆಂದು ತಿಳಿದವರು ಒಮ್ಮೆ ಇಪ್ಪತ್ತು ಮಕ್ಕಳ ಕೈ ತೊಳೆಸಿ ನೋಡಬೇಕು. ಸಾಬೂನಿನ ತುಂಡನ್ನು ಬಲೆಯ ಚೀಲದಲ್ಲಿ ಹಾಕಿ ಕಟ್ಟಿದರೆ ಅದು ಕೈಜಾರಿ ಮಣ್ಣಿಗೆ ಬೀಳುವುದಿಲ್ಲ, ಕಳೆದುಹೋಗುವುದಿಲ್ಲ, ಬೇಗ ಕರಗುವುದೂ ಇಲ್ಲ. ಆಯಾ ಚರಿಗೆಯಿಂದ ನೀರು ಸುರಿಯುತ್ತಾಳೆ. ಮಕ್ಕಳು ಅಂಗೈ ಉಜ್ಜುತ್ತಾರೆ, ಹಿಂಗೈ ಮರೆಯುತ್ತಾರೆ. ಬೆರಳ ಸಂದಿ ಮರೆಯುತ್ತಾರೆ, ಹೆಬ್ಬೆರಳಂತೂ ಯಾವಾಗಲೂ ಮರೆತೇ ಹೋಗುತ್ತದೆ. ಅದಕ್ಕೇ ಅಕ್ಕೋರು ಹಾಡು ಕಟ್ಟಿಕೊಂಡಿರುತ್ತಾರೆ. ಹಾಡು ಮುಗಿಯುವವರೆಗೆ ಉಜ್ಜಬೇಕು, ಅಂದರೆ ಹತ್ತಿರ ಹತ್ತಿರ ಇಪ್ಪತ್ತು ಸೆಕೆಂಡು. ತೊಳೆದ ಕೈಯನ್ನು ಎಲ್ಲರೂ ಒಂದೇ ಟವೆಲಿಗೆ ಒರೆಸಿದರೆ ತೊಳೆದದ್ದೆಲ್ಲ ದಂಡ. ಕಣ್ಣುಬೇನೆಯ ಕಾಲದಲ್ಲಿ ಬೇನೆ ಸಾಗುವ ದಾರಿಗಳಲ್ಲಿ ಆ ಟವೆಲೂ ಒಂದು. ಗಾಳಿಗೆ ಕೈ ಬೀಸಿ ಒಣಗಿಸಿಕೊಳ್ಳುವುದೇ ಮೇಲು.

ಊಟದ ಬಗ್ಗೆ ಸರ್ಕಾರದ ಲೆಕ್ಕ ಎಲ್ಲರಿಗೂ ಗೊತ್ತು. ಮೂರರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಇಷ್ಟು ಕಿಲೊಕ್ಯಾಲೊರಿ, ಇಷ್ಟು ಗ್ರಾಂ ಪ್ರೋಟೀನು. 2013ರ ಆಗಸ್ಟಿನಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು, ಜೊತೆಗೆ ಮೊಟ್ಟೆ. ಲೆಕ್ಕದಲ್ಲಿ ಇಲ್ಲದ್ದು ಉಣಿಸುವ ಕಲೆ. ಕಾಯಿಲೆಯಿಂದ ಎದ್ದ ಮಗು ತಟ್ಟೆ ತುಂಬ ಬಡಿಸಿದರೆ ಮುಖ ತಿರುಗಿಸುತ್ತದೆ, ಎರಡೆರಡು ತುತ್ತು ನಾಲ್ಕು ಸಲ ಕೊಟ್ಟರೆ ಉಣ್ಣುತ್ತದೆ. ನಮ್ಮ ಸೀಮೆಗೇ ಸೇರಿದ ಇನ್ನೊಂದು ಎಚ್ಚರವಿದೆ. ಶೇಂಗಾ, ಕಡಲೆ ಇಲ್ಲಿ ಮನೆಮನೆಯಲ್ಲೂ ಇರುವ ಕಾಳು. ಸುಲಗಾಯಿಯ ಕಾಲದಲ್ಲಂತೂ ಮಕ್ಕಳ ಕಿಸೆ ಖಾಲಿ ಇರುವುದೇ ಇಲ್ಲ. ದವಡೆ ಹಲ್ಲು ಪೂರ್ತಿ ಬಾರದ ಮಗು ಓಡುತ್ತಾ, ನಗುತ್ತಾ ಇಡೀ ಕಾಳು ಬಾಯಿಗೆ ಹಾಕಿಕೊಂಡರೆ ಅದು ಶ್ವಾಸನಾಳಕ್ಕೆ ಜಾರಬಹುದು. ಬಲ್ಲ ಅಕ್ಕೋರು ಬಾಗಿಲಲ್ಲೇ ಕಿಸೆ ಮುಟ್ಟಿ ನೋಡಿ, ಕಾಳು ತೆಗೆದಿರಿಸಿ, ಪುಡಿ ಮಾಡಿ ಬೆಲ್ಲದೊಂದಿಗೆ ಕೊಡುತ್ತಾರೆ. ಕಾಳಿನ ಸತ್ವ ಮಗುವಿನ ಹೊಟ್ಟೆಗೇ ಸೇರಿತು, ಅಪಾಯವೂ ತಪ್ಪಿತು.

ನೀರಿನ ಕತೆ ಈ ಮೂರು ತಾಲ್ಲೂಕುಗಳಲ್ಲಿ ಉದ್ದದ್ದು. ನರಗುಂದದ ಎರೆ ಸೀಮೆಯಲ್ಲಿ ನೆಲದೊಳಗಿನ ನೀರು ಸವುಳು. ಊರ ಕೆರೆಯ ನೀರನ್ನೇ ಬಟ್ಟೆಯಲ್ಲಿ ಸೋಸಿ ಕುಡಿದು ತಲೆಮಾರುಗಳು ಕಳೆದಿವೆ. ಉತ್ತರ ಕರ್ನಾಟಕವನ್ನು ಕಾಡಿದ ನಾರುಹುಣ್ಣು ಹೋದದ್ದರಲ್ಲಿ ಸೋಸುವ ಬಟ್ಟೆಯ ಪಾಲೂ ಇದೆ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಆ ರೋಗದಿಂದ ಮುಕ್ತವೆಂದು ಸಾರಿತು. ಆದರೆ ಗದಗ ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿರುವ ಫ್ಲೋರೈಡ್ ಸೋಸಿದರೂ ಹೋಗದು, ಕುದಿಸಿದರೂ ಹೋಗದು. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡಿನ ಸಾಂದ್ರತೆ ಇನ್ನಷ್ಟು ಹೆಚ್ಚುತ್ತದೆ. ಇದರಲ್ಲಿ ಗಮನಿಸಬೇಕಾದದ್ದೊಂದಿದೆ. ಏಳೆಂಟು ವರ್ಷಕ್ಕೆ ಹುಟ್ಟುವ ಶಾಶ್ವತ ಹಲ್ಲಿನ ಮೇಲೆ ಕಂದು ಕಲೆ ಕಂಡಾಗ ನಾವು ನೀರಿನ ಬಗ್ಗೆ ಮಾತಾಡತೊಡಗುತ್ತೇವೆ. ಆ ಹಲ್ಲು ದವಡೆಯೊಳಗೆ ರೂಪುಗೊಂಡದ್ದು ಅಂಗನವಾಡಿಯ ವಯಸ್ಸಿನಲ್ಲಿ. ಕೆಡುಕು ಆಗಲೇ ಆಗಿಹೋಗಿರುತ್ತದೆ. ಹಾಗಾಗಿ ಶುದ್ಧ ನೀರಿನ ಘಟಕದಿಂದ ಆಯಾ ಹೊತ್ತು ತರುವ ಒಂದೊಂದು ಕ್ಯಾನೂ ಆ ಮಕ್ಕಳ ಹಲ್ಲು ಮೂಳೆಗಳನ್ನು ಕಾಯುತ್ತದೆ. ಅಡುಗೆಗೂ ಅದೇ ನೀರು ಬೇಕು, ಬೇಳೆ ಬೇಯಿಸಲು ಬೋರಿನ ನೀರಾದರೇನು ಎನ್ನುವಂತಿಲ್ಲ. ತಂದ ನೀರಿಗೆ ಮುಚ್ಚಳ, ತೆಗೆಯಲು ಉದ್ದ ಹಿಡಿಯ ಸೌಟು, ಯಾರ ಕೈಯೂ ಒಳಗೆ ಅದ್ದಬಾರದು.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರು, ಹೊಳೆಆಲೂರಿನ ಕಡೆಯ ಊರುಗಳಿಗೆ ನುಗ್ಗಿದ್ದು ಇಲ್ಲಿಯವರಾರೂ ಮರೆತಿಲ್ಲ. ನೆರೆ ಇಳಿದ ಮೇಲೆ ಹಿಂದೆಯೇ ಬರುವುದು ಭೇದಿಯ ಭಯ. ಓಆರ್‌ಎಸ್ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ನೀರಿಗೇ ಹಾಕಬೇಕು. ಲೋಟಕ್ಕಿಷ್ಟು ಎಂದು ಕಣ್ಣಂದಾಜಿನಲ್ಲಿ ಬೆರೆಸಿದರೆ ಉಪ್ಪು ಹೆಚ್ಚು ಕಡಿಮೆಯಾಗಿ ಮದ್ದೇ ಮುಳುವಾಗಬಹುದು. ಒಂದು ದಿನ ದಾಟಿದ್ದನ್ನು ಚೆಲ್ಲಬೇಕು. ವಾಂತಿ ಮಾಡಿಕೊಂಡರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ ಕುಡಿಸಬೇಕು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಡಿದು, ನರಕ್ಕೆ ಏರಿಸುವ ಸಲೈನ್ ಮುಗಿದಾಗ ಡಾ. ದಿಲೀಪ್ ಮಹಲನಾಬಿಸ್ ಉಪ್ಪು ಸಕ್ಕರೆಯ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿ ಜನರನ್ನು ಉಳಿಸಿದರು. ಆ ವಿದ್ಯೆ ಇಂದು ನಮ್ಮ ಹಳ್ಳಿಯ ಅಕ್ಕೋರ ಕಪಾಟಿನಲ್ಲಿದೆ. ಭೇದಿಯ ಮಗುವಿಗೆ ಓಆರ್‌ಎಸ್ ಜೊತೆ 14 ದಿನ ಸತುವಿನ ಗುಳಿಗೆಯೂ ಬೇಕು. ಮೂರನೇ ದಿನ ಭೇದಿ ನಿಂತಿತೆಂದು ತಾಯಿ ಗುಳಿಗೆ ನಿಲ್ಲಿಸುತ್ತಾಳೆ. “ಗುಳಿಗಿ ಎಷ್ಟ ಉಳದಾವ, ತೋರಸವ್ವಾ” ಎಂದು ಹೊಸ್ತಿಲಲ್ಲಿ ನಿಂತು ಎಣಿಸುವ ತಾಳ್ಮೆಯೂ ಈ ಕಸುಬಿಗೇ ಸೇರಿದ್ದು.

ಕೆಮ್ಮಿನ ಮಗುವಿನ ಉಸಿರು ಎಣಿಸುವುದನ್ನೂ ಹೇಳಬೇಕು. ಮಗು ಅಳುತ್ತಿರಬಾರದು. ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಬೇಕು. ಒಂದು ವರ್ಷ ದಾಟಿದ ಮಗುವಿಗೆ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಬರಿಯ ನೆಗಡಿಯಲ್ಲ. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ, ಮಗು ಕುಡಿಯಲೂ ಒಲ್ಲದಿದ್ದರೆ ಸಂಜೆಯವರೆಗೆ ಕಾಯುವ ಮಾತೇ ಇಲ್ಲ.

ಎಲ್ಲಕ್ಕಿಂತ ಕಷ್ಟದ್ದು ಮಗುವನ್ನು ಮನೆಗೆ ಕಳಿಸುವ ಮಾತು. ಮೈಮೇಲೆ ಅಮ್ಮ ಎದ್ದರೆ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಮಗು ಮನೆಯಲ್ಲಿರಬೇಕು. ಕೂಲಿಗೆ ಹೊರಟ ತಾಯಿಗೆ ಇದನ್ನು ಹೇಳುವುದೆಂದರೆ ಒಂದು ವಾರದ ಕೂಲಿ ಬಿಡು ಎಂದಂತೆ. “ನಾಳಿಂದ ಹೆಂಗ ಮಾಡ್ಲಿರೀ ಅಕ್ಕಾರ?” ಎಂಬ ಪ್ರಶ್ನೆಗೆ ಯಾವ ಕೈಪಿಡಿಯಲ್ಲೂ ಉತ್ತರವಿಲ್ಲ. ಅಜ್ಜಿ ಇದ್ದಾಳೆಯೇ, ಈಗಾಗಲೇ ಅಮ್ಮ ಬಂದುಹೋದ ಮಕ್ಕಳಿರುವ ಪಕ್ಕದ ಮನೆಯವರು ನೋಡಿಕೊಂಡಾರೆಯೇ ಎಂದು ಯೋಚಿಸಿ ದಾರಿ ಹುಡುಕುವವರು ಅಕ್ಕೋರೇ. ಮನೆಯವರು ಬೇವಿನ ಸೊಪ್ಪು ಕಟ್ಟಿ ದೇವಿಗೆ ನಡೆದುಕೊಂಡರೆ ಅದನ್ನು ಅವರು ಹೀಯಾಳಿಸುವುದಿಲ್ಲ. ನಡಕೊಳ್ಳಿರಿ, ಜೊತೆಗೆ ಜ್ವರ ಏರಿದರೆ ದವಾಖಾನೆಗೂ ಬನ್ನಿರಿ ಎನ್ನುತ್ತಾರೆ. ಹಾಗೆ ಹೇಳಿದ್ದಕ್ಕೇ ತಾಯಂದಿರು ಮುಂದಿನ ಸಲವೂ ಮುಚ್ಚಿಡದೆ ಬಂದು ಹೇಳುತ್ತಾರೆ.

ಮೂರು ವರ್ಷದೊಳಗಿನ ಕೂಸುಗಳಿಗಾಗಿ 2023-24ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರ ತೆರೆಯುವುದಾಗಿ ಹೇಳಿತು. ಉದ್ಯೋಗ ಖಾತ್ರಿಯ ಕೂಲಿಗೆ ಹೋಗುವ ತಾಯಂದಿರಿಗೆಂದೇ ಬಂದ ಈ ‘ಕೂಸಿನ ಮನೆ’ಗಳಲ್ಲಿ ಊರಿನ ಹೆಣ್ಣುಮಕ್ಕಳೇ ಆರೈಕೆದಾರರು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಬೇಸರದ ಮಾತೂ ಒಂದಿದೆ. ಎಲ್ಲವನ್ನೂ ಬಾಯಿಗೆ ಹಾಕುವ, ಎಲ್ಲಿ ನೋಯುತ್ತದೆಂದು ಹೇಳಲಾರದ ಕೂಸನ್ನು ನೋಡಿಕೊಳ್ಳುವವರು ಸರದಿಯಂತೆ ಪದೇಪದೇ ಬದಲಾದರೆ, ನಿನ್ನೆ ಕೂಸು ಹೇಗಿತ್ತೆಂದು ಬಲ್ಲವರು ಯಾರು? ಸರದಿ ಇರಲಿ, ಜೊತೆಗೆ ದಿನವೂ ಅದೇ ಕೂಸುಗಳನ್ನು ಕಾಣುವ ಒಬ್ಬಾಕೆ ಇರಬೇಕು. ಎಷ್ಟು ಹಾಲು ಕುಡಿಯಿತು, ಎಷ್ಟು ಸಲ ಉಚ್ಚೆ ಹೊಯ್ದಿತು, ಎಷ್ಟು ಹೊತ್ತು ಮಲಗಿತು ಎಂದು ಬರೆಯುವ ಒಂದು ವಹಿಯಾದರೂ ಕೈಯಿಂದ ಕೈಗೆ ಸಾಗಬೇಕು.

ಕೊಯ್ಲು ಮುಗಿದ ಮೇಲೆ ಗಜೇಂದ್ರಗಡ, ರೋಣದ ತಾಂಡಾಗಳಿಂದ ಸಂಸಾರಗಳು ಗೋವಾ, ಮಂಗಳೂರಿಗೆ ಗುಳೆ ಹೋಗುತ್ತವೆ. ಹೊರಡುವ ಮುಂಚೆ ಅಕ್ಕೋರ ಕೆಲಸ ಹೆಚ್ಚುತ್ತದೆ. ತಾಯಿ ಕಾರ್ಡಿನಲ್ಲಿ ಈ ತಿಂಗಳ ತೂಕ ಬರೆದಾಯಿತೇ? ಆರು ತಿಂಗಳಿಗೊಮ್ಮೆಯ ‘ಎ’ ಅನ್ನಾಂಗದ ಹನಿ ಯಾವಾಗ ಆಗಿತ್ತು? ಫೆಬ್ರುವರಿ 10ರ ಜಂತುಹುಳು ಗುಳಿಗೆಗೆ ಮಗು ಊರಲ್ಲಿರುತ್ತದೆಯೇ? ದಡಾರದ ಎರಡನೇ ಚುಚ್ಚುಮದ್ದು 16ರಿಂದ 24 ತಿಂಗಳೊಳಗೆ ಆಗಬೇಕು, ಅದು ಗುಳೆಯ ನಡುವೆಯೇ ಬಂದರೆ? ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಪಾತ್ರೆಗಳ ಗಂಟಿನಲ್ಲಿ ಬೇಡ, ರೇಷನ್ ಕಾರ್ಡಿನ ಜೊತೆ ಇಡು ಎಂದು ತಾಯಿಗೆ ಹೇಳುತ್ತಾರೆ. ಅಲ್ಲಿಯ ಅಂಗನವಾಡಿಗೆ ಮಗುವಿನ ಹೆಸರು ವರ್ಗಾಯಿಸಲು ಮೊಬೈಲಿನಲ್ಲಿ ಅವಕಾಶವಿದೆ. ಅದನ್ನು ಮಾಡಿದ ಮೇಲೂ, ಚುಚ್ಚುಮದ್ದಿನ ತಿಂಗಳು ಬಂದಾಗ ತಮ್ಮ ಫೋನಿನಿಂದ ಆ ತಾಯಿಗೆ ಫೋನು ಹಚ್ಚಿ ಕೇಳುವ ಅಕ್ಕೋರಿದ್ದಾರೆ: “ಸೂಜಿ ಆತೇನವ್ವಾ? ಕಾರ್ಡಿನ್ಯಾಗ ಬರಸೀಯಿಲ್ಲೋ?”