ಹುಡುಕುವುದನ್ನು ಕಲಿಸುವವರು

ಪದವಿ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು ‘ನಿಮ್ಮೂರ ಚರಿತ್ರೆ ಬರೆದು ತನ್ನಿ’ ಎಂದು ಅಸೈನ್‌ಮೆಂಟ್ ಕೊಟ್ಟರೆ ಹುಡುಗರ ಕೈ ಮೊದಲು ಹೋಗುವುದು ಮೊಬೈಲಿಗೆ. ಬಳ್ಳಾರಿ ಜಿಲ್ಲೆ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ ಎಂದು ಹಾಕಿದರೆ ಪಿನ್‌ಕೋಡ್, ಹವಾಮಾನ, ಯಾರೋ ಮಾಡಿದ ವಿಡಿಯೊ ಎಲ್ಲ ಮುಂದೆ ಬರುತ್ತವೆ. ಅದೇ ಊರಿನ ಬೆಟ್ಟಗಳಲ್ಲಿ 1963–64ರಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ನಡೆಸಿದ್ದು, ನವಶಿಲಾಯುಗದ ಜನರ ನೆಲೆ ಸಿಕ್ಕಿದ್ದು, ಕೆ.ಸಿ. ಮಲ್ಹೋತ್ರಾ ಅವರೊಂದಿಗೆ ಬರೆದ ಅದರ ವರದಿ 1965ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಪುಸ್ತಕವಾಗಿ ಬಂದದ್ದು ಮಾತ್ರ ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ದಿನಾ ಆ ಬೆಟ್ಟ ನೋಡುತ್ತಲೇ ಬೆಳೆದ ಹುಡುಗಿಗೆ ಅಂಥದೊಂದು ಪುಸ್ತಕವಿದೆ ಎಂದು ತಿಳಿಸಬೇಕಾದವರು ಕಾಲೇಜಿನ ಗ್ರಂಥಪಾಲಕರು.

ಈ ಕೆಲಸಕ್ಕೆ ‘ಮಾಹಿತಿ ಸಾಕ್ಷರತೆ’ ಎಂಬ ಹೆಸರಿದೆ. ಅಮೆರಿಕದ ಪಾಲ್ ಜುರ್ಕೋವ್ಸ್ಕಿ ಈ ಮಾತನ್ನು ಬಳಕೆಗೆ ತಂದದ್ದು 1974ರಲ್ಲಿ. ಆದರೆ ಓದುಗನ ಪಕ್ಕ ನಿಂತು ಅವನಿಗೆ ಬೇಕಾದ್ದನ್ನು ಹುಡುಕಲು ನೆರವಾಗಬೇಕೆಂಬ ವಿಚಾರ ನಮಗೆ ಹೊಸದಲ್ಲ. ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದ ಎಸ್.ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯ ವಿಜ್ಞಾನದ ತಮ್ಮ ಐದು ಸೂತ್ರಗಳನ್ನು ಪ್ರಕಟಿಸಿದರು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು.

ವರ್ಷದ ಮೊದಲಲ್ಲಿ ನಡೆಯುವ ಓರಿಯೆಂಟೇಷನ್‌ನಲ್ಲಿ ಕಾರ್ಡು, ದಂಡ, ಮೌನ ಇವೇ ಅರ್ಧ ಗಂಟೆ ತಿನ್ನುತ್ತವೆ. ನಿಜವಾದ ಪಾಠ ಆಮೇಲಿನದು. ಕನ್ನಡ ಸಾಹಿತ್ಯ ಡ್ಯೂಯಿ ವರ್ಗೀಕರಣದಲ್ಲಿ 894.814 ಎಂದು ತೋರಿಸಿಕೊಟ್ಟರೆ ವಿದ್ಯಾರ್ಥಿ ತಾನೇ ರ‍್ಯಾಕಿನ ಹತ್ತಿರ ಹೋಗುತ್ತಾನೆ. ಇದು ಸುಲಭದ ಭಾಗ. ಊರಿನ ಬಗ್ಗೆ ಹುಡುಕುವುದು ಕಷ್ಟದ್ದು. 2014ರ ನವೆಂಬರ್ 1ರವರೆಗೆ ಸರ್ಕಾರಿ ಇಂಗ್ಲಿಷಿನಲ್ಲಿ ನಮ್ಮೂರು ಬಳ್ಳಾರಿ ‘ಬೆಲ್ಲಾರಿ’ ಆಗಿತ್ತು. ಹೊಸ ಕಾಗುಣಿತ ಒಂದನ್ನೇ ಹಾಕಿ ಹುಡುಕಿದರೆ ಅದಕ್ಕಿಂತ ಹಿಂದಿನ ದಾಖಲೆಗಳಲ್ಲಿ ಬಹಳಷ್ಟು ತಪ್ಪಿಹೋಗುತ್ತವೆ. ಜಿಲ್ಲೆಯ ಕುರುಗೋಡನ್ನು ಹಳೆಯ ಇಂಗ್ಲಿಷ್ ಬರಹಗಳಲ್ಲಿ ‘ಕುರ್ಗೋಡ್’ ಎಂದೂ ಹುಡುಕಬೇಕು. ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಆದ್ದರಿಂದ ಜಾನ್ ಕೆಲ್ಸಾಲ್ ಬರೆದ 1872ರ ಜಿಲ್ಲಾ ಕೈಪಿಡಿ, ಡಬ್ಲ್ಯು. ಫ್ರಾನ್ಸಿಸ್ ಬರೆದ 1904ರ ಗೆಜೆಟಿಯರ್ ಎರಡೂ ಮದ್ರಾಸ್ ಸರ್ಕಾರದ ಪ್ರಕಟಣೆಗಳು. ಮೈಸೂರಿನ ಹಳೆಯ ಗೆಜೆಟಿಯರುಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಬಳ್ಳಾರಿ ಜಿಲ್ಲೆಯ ಶಾಸನ ಬೇಕೆಂದರೂ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಒಂಬತ್ತನೆಯ ಸಂಪುಟಕ್ಕೆ, ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳ ಸಂಪುಟಕ್ಕೆ, ಹೋಗಬೇಕು. ಈ ತಿರುವುಗಳನ್ನು ಸರ್ಚ್ ಎಂಜಿನ್ ತಾನಾಗಿ ಹೇಳಿಕೊಡುವುದಿಲ್ಲ.

ಸಿಕ್ಕಿದ್ದನ್ನು ತೂಗಿ ನೋಡುವುದು ಇನ್ನೊಂದು ಪಾಠ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬೂದಿಗುಡ್ಡವಿದೆ. ರಾಕ್ಷಸರನ್ನು ಸುಟ್ಟ ಬೂದಿ ಎಂಬುದು ಜನರ ಕತೆ. ಜೋಡಿಸಿಟ್ಟ ದನದ ಸಗಣಿ ಉರಿದ ಬೂದಿ ಎಂದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಮುಂದೆ ರೇಮಂಡ್ ಆಲ್ಚಿನ್ ಇಂಥ ದಿಬ್ಬವೊಂದನ್ನು ಅಗೆದು ನೋಡಿ, ಅದು ನವಶಿಲಾಯುಗದ ದನಗಾಹಿಗಳ ದೊಡ್ಡಿ ಎಂದು 1963ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಮೂರೂ ಇಂಟರ್ನೆಟ್ಟಿನಲ್ಲಿ ಅಕ್ಕಪಕ್ಕ ಸಿಗುತ್ತವೆ. ಯಾರು ಹೇಳಿದರು, ಯಾವಾಗ ಹೇಳಿದರು, ಅಗೆದು ನೋಡಿ ಹೇಳಿದರೋ ಕೇಳಿ ಹೇಳಿದರೋ? ಇಷ್ಟು ಕೇಳಲು ಕಲಿತ ವಿದ್ಯಾರ್ಥಿ ಜನಪದ ಕತೆಯನ್ನು ಕತೆಯಾಗಿ ಗೌರವಿಸುತ್ತಾಳೆ, ಸಂಶೋಧನೆಯನ್ನು ಸಂಶೋಧನೆಯಾಗಿ ಉಲ್ಲೇಖಿಸುತ್ತಾಳೆ. ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳು ಇಲ್ಲದ ಪುಸ್ತಕದ ಹೆಸರನ್ನೂ ಲೇಖಕರ ಸಮೇತ ಕೊಡುವ ಈ ಕಾಲದಲ್ಲಿ, ಆ ಹೆಸರು ಯಾವುದಾದರೂ ಗ್ರಂಥಾಲಯದ ಕ್ಯಾಟಲಾಗಿನಲ್ಲಿದೆಯೇ ಎಂದು ನೋಡುವ ಅಭ್ಯಾಸವೂ ಇದೇ ಪಾಠಕ್ಕೆ ಸೇರಿದ್ದು.

ಸಾಮಗ್ರಿಗೆ ಮೊದಲಿನ ಬರ ಈಗಿಲ್ಲ. ಇನ್‌ಫ್ಲಿಬ್‌ನೆಟ್‌ನ ಎನ್-ಲಿಸ್ಟ್ ಯೋಜನೆಗೆ ಸೇರಿದ ಕಾಲೇಜಿನ ವಿದ್ಯಾರ್ಥಿಗೆ ಮನೆಯಿಂದಲೇ ಇ-ಪುಸ್ತಕ, ಜರ್ನಲ್ ಓದಲು ಲಾಗಿನ್ ಸಿಗುತ್ತದೆ. ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಇದೆ, ಕನ್ನಡದ ನಿಘಂಟುಗಳಿಗೆ ಭಾರತವಾಣಿ ಇದೆ. ಕೊರತೆ ಇರುವುದು ಸಮಯಕ್ಕೆ. ಪುಸ್ತಕ ಕೊಡುವುದು, ಪಡೆಯುವುದು, ನ್ಯಾಕ್ ಕಡತ ತುಂಬುವುದು ಇವುಗಳ ನಡುವೆ ಗ್ರಂಥಪಾಲಕರಿಗೆ ಪಾಠ ಮಾಡಲು ಟೈಮ್‌ಟೇಬಲ್‌ನಲ್ಲಿ ಜಾಗವೇ ಇರುವುದಿಲ್ಲ. ಯುಜಿಸಿ ವೇತನ ಶ್ರೇಣಿಯ, ನೆಟ್ ಅಥವಾ ಸ್ಲೆಟ್ ಪಾಸಾಗಿ ಬರಬೇಕಾದ ಹುದ್ದೆಯನ್ನು ಕೌಂಟರಿಗೆ ಕಟ್ಟಿಹಾಕುವುದು ಅನ್ಯಾಯ. ನಷ್ಟ ಮಾತ್ರ ವಿದ್ಯಾರ್ಥಿಯದು.

ಬಳ್ಳಾರಿ ಜಿಲ್ಲೆಯ ಇಂಥ ಪದವಿ ಕಾಲೇಜುಗಳು 2010ರಲ್ಲಿ ಆರಂಭವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ವಿಶ್ವವಿದ್ಯಾಲಯ ಮೊದಲ ಸೆಮಿಸ್ಟರಿನಲ್ಲಿ ವಾರಕ್ಕೊಂದು ಪೀರಿಯಡ್ ಗ್ರಂಥಪಾಲಕರ ಹೆಸರಿಗೆ ಬರೆಯಲಿ, ಅದಕ್ಕೆ ಅಂಕವೂ ಇರಲಿ. ವಿದ್ಯಾರ್ಥಿಗಳು ಅಷ್ಟರವರೆಗೆ ಕಾಯಬೇಕಿಲ್ಲ. ಮುಂದಿನ ಅಸೈನ್‌ಮೆಂಟ್ ಕೈಗೆ ಬಂದ ದಿನವೇ ಲೈಬ್ರರಿಗೆ ಹೋಗಿ, ‘ಸರ್, ಇದನ್ನು ಎಲ್ಲಿಂದ ಶುರು ಮಾಡಲಿ?’ ಎಂದು ಕೇಳಿ.