ವೈರಸ್ಸಿಗೂ ಒಂದು ಉಪಗ್ರಹ

ಉಪಗ್ರಹವೆಂದೊಡನೆ ನಮ್ಮ ದೃಷ್ಟಿ ಆಕಾಶದತ್ತ ಹೊರಳುವುದು ಸಹಜ. ಆದರೆ ನಾನಿಲ್ಲಿ ಹೇಳಹೊರಟಿರುವ ಉಪಗ್ರಹವು ಬೆಂಡೆಯ ಎಲೆಯೊಳಗಿದೆ. ಬಿ.ಎ. ವಿದ್ಯಾರ್ಥಿಗೆ ಈ ವಿಷಯವೇಕೆಂದು ಕೆಲವರು ಕೇಳಬಹುದು. ಬೆಳೆ ಕೆಟ್ಟಾಗ ಮನೆಯ ಲೆಕ್ಕ ತಪ್ಪುತ್ತದೆ. ಆಗ ಕಲೆ, ವಿಜ್ಞಾನಗಳೆಂಬ ಭೇದ ಉಳಿಯುವುದಿಲ್ಲ. ಇದೇ ನನ್ನ ಉತ್ತರ.

ಬೆಂಡೆಯ ಹಳದಿ ನಂಜುರೋಗವನ್ನು ನಮ್ಮ ಸೀಮೆಯ ತೋಟಗಾರರಿಗೆ ಪರಿಚಯಿಸಬೇಕಾಗಿಲ್ಲ. ಮೊದಲು ಎಲೆಯ ನರಗಳು ಹಳದಿಯಾಗಿ ಬಲೆಯಂತೆ ಕಾಣುತ್ತವೆ. ಬರಬರುತ್ತ ಇಡೀ ಎಲೆಯೇ ಹಳದಿಗೆ ತಿರುಗುತ್ತದೆ. ಕಾಯಿ ಸಣ್ಣದಾಗಿ, ಬಿಳಿಚಿಕೊಂಡು, ಗಡುಸಾಗುತ್ತದೆ. ಅಂಥ ಕಾಯಿಗೆ ಸಂತೆಯಲ್ಲಿ ಬೆಲೆಯೆಲ್ಲಿ? ಕುಲಕರ್ಣಿ ಎಂಬ ವಿಜ್ಞಾನಿ 1924ರಲ್ಲಿ ಮುಂಬಯಿ ಪ್ರಾಂತದಲ್ಲಿ ಈ ರೋಗವನ್ನು ವರದಿ ಮಾಡಿದರು. ಆಗ ವಿಜಾಪುರ ಜಿಲ್ಲೆಯಲ್ಲಿದ್ದ ನಮ್ಮ ಗುಳೇದಗುಡ್ಡವೂ ಅದೇ ಪ್ರಾಂತಕ್ಕೆ ಸೇರಿತ್ತು. ಇದು ವೈರಸ್ಸಿನಿಂದ ಬರುವ ರೋಗವೆಂದು 1940ರಲ್ಲಿ ಉಪ್ಪಲ್, ವರ್ಮಾ, ಕಪೂರ್ ಎಂಬುವರು ತಿಳಿಸಿದರು. ಬಿಳಿ ನೊಣವು ರೋಗಿ ಗಿಡದ ರಸ ಹೀರಿ, ವೈರಸ್ಸನ್ನು ಬೇರೆ ಗಿಡಕ್ಕೆ ಮುಟ್ಟಿಸುತ್ತದೆ.

ಇಲ್ಲಿಗೆ ಕಾರಣ ತಿಳಿಯಿತೆಂದು ಭಾವಿಸುವಂತಿಲ್ಲ. ಮಧುರೈ ಕಾಮರಾಜ್ ವಿಶ್ವವಿದ್ಯಾಲಯದ ಜೋಸ್ ಮತ್ತು ಉಷಾ ಅವರು 2003ರಲ್ಲಿ ಪ್ರಕಟಿಸಿದ ಸಂಶೋಧನೆ ಒಂದು ವಿಸ್ಮಯವನ್ನು ಹೊರಗೆಡಹಿತು. ವೈರಸ್ಸಿನ ಡಿ.ಎನ್.ಎ.ಯನ್ನು ಮಾತ್ರ ಬೆಂಡೆಗೆ ಸೇರಿಸಿದಾಗ ಎಲೆ ತುಸು ಮುರುಟಿತೇ ಹೊರತು ಹಳದಿ ರೋಗ ಬರಲಿಲ್ಲ. ಅದರೊಡನೆ ಮತ್ತೊಂದು ಪುಟ್ಟ ಡಿ.ಎನ್.ಎ. ತುಣುಕನ್ನು ಸೇರಿಸಿದಾಗಲೇ ನಿಜವಾದ ರೋಗ ಮೈದೋರಿತು. ಈ ತುಣುಕೇ ಬೀಟಾ ಉಪಗ್ರಹ.

ವೈರಸ್ಸಿಗೆ ಸುಮಾರು 2,700 ಅಕ್ಷರಗಳ ಆನುವಂಶಿಕ ಬರಹವಿದೆ. ಈ ಉಪಗ್ರಹಕ್ಕೆ ಅದರ ಅರ್ಧ, ಅಂದರೆ ಸುಮಾರು 1,350 ಮಾತ್ರ. ಸ್ವಂತವಾಗಿ ವೃದ್ಧಿಯಾಗುವ ಶಕ್ತಿ ಅದಕ್ಕಿಲ್ಲ. ಮೈಮೇಲೆ ಸ್ವಂತ ಕವಚವೂ ಇಲ್ಲ. ವೈರಸ್ಸಿನ ನೆರವಿನಿಂದ ಬೆಳೆದು, ಅದರದೇ ಕವಚ ತೊಟ್ಟು, ಅದೇ ಬಿಳಿ ನೊಣದ ಮೂಲಕ ಪಯಣಿಸುತ್ತದೆ. ಹೀಗೆ ವೈರಸ್ಸನ್ನು ಅವಲಂಬಿಸಿದ ಕಣಗಳಿಗೆ 'ಉಪಗ್ರಹ'ವೆಂಬ ಹೆಸರನ್ನು 1962ರಲ್ಲಿ ಕಸಾನಿಸ್ ಎಂಬ ವಿಜ್ಞಾನಿ ಬಳಕೆಗೆ ತಂದರು.

ವೈರಸ್ಸನ್ನೇ ನಂಬಿರುವ ಈ ತುಣುಕು ಪ್ರತಿಯಾಗಿ ಅದಕ್ಕೂ ಉಪಕಾರ ಮಾಡುತ್ತದೆ. ಗಿಡವೇನೂ ನಿರಾಯುಧವಲ್ಲ, ಒಳಹೊಕ್ಕ ವೈರಸ್ಸಿನ ಸಂದೇಶಗಳನ್ನು ಕತ್ತರಿಸಿಹಾಕುವ ಏರ್ಪಾಡು ಅದರಲ್ಲಿದೆ. ಉಪಗ್ರಹವು ತಯಾರಿಸುವ ಒಂದು ಪ್ರೋಟೀನು ಆ ಏರ್ಪಾಡನ್ನೇ ಅಡಗಿಸುತ್ತದೆ. ನೇಕಾರರ ಊರಿನವರಿಗೆ ಇದನ್ನು ಹೀಗೆ ಹೇಳಬಹುದು: ಹಾಸಿಲ್ಲದೆ ಹೊಕ್ಕು ನಿಲ್ಲದು, ಹೊಕ್ಕು ಸೇರದೆ ಹಾಸು ಖಣವಾಗದು. ವೈರಸ್ಸು ಹಾಸು, ಉಪಗ್ರಹ ಹೊಕ್ಕು. ಎರಡೂ ಕೂಡಿದಾಗ ನೇಯ್ದು ಬರುವುದು ರೋಗ.

ಈ ಜೋಡಿ ಬೆಂಡೆಯೊಂದಕ್ಕೇ ಮೀಸಲಲ್ಲ. 1967ರಲ್ಲಿ ಪಾಕಿಸ್ತಾನದ ಮುಲ್ತಾನದ ಬಳಿ ಕಾಣಿಸಿ, 1993ರಲ್ಲಿ ರಾಜಸ್ಥಾನದ ಶ್ರೀಗಂಗಾನಗರದಲ್ಲಿಯೂ ಕಂಡುಬಂದ ಹತ್ತಿಯ ಎಲೆಮುರುಟು ರೋಗದ ಹಿಂದೆಯೂ ಇಂಥ ಉಪಗ್ರಹವಿದೆ. ನೂಲನ್ನು ನಂಬಿದ ಊರಿಗೆ ಇದು ದೂರದ ಸುದ್ದಿಯಲ್ಲ. ಸಾಹಿತ್ಯದ ವಿದ್ಯಾರ್ಥಿಗಳಿಗೂ ಇಲ್ಲೊಂದು ಸ್ವಾರಸ್ಯವಿದೆ. ಜಪಾನಿನ ಸಾಮ್ರಾಜ್ಞಿ ಕೋಕೆನ್ 752ರಲ್ಲಿ ರಚಿಸಿದ ಕವಿತೆಯೊಂದರಲ್ಲಿ ಬೇಸಿಗೆಯಲ್ಲೇ ಹಳದಿಯಾದ ಗಿಡದ ಮಾತಿದೆ. ಆ ಜಾತಿಯ ಗಿಡದ ಹಳದಿಗೆ ವೈರಸ್ಸು ಮತ್ತು ಉಪಗ್ರಹಗಳ ಜೋಡಿಯೇ ಕಾರಣವೆಂದು 2003ರಲ್ಲಿ ತಿಳಿದುಬಂದಿತು. ಮನುಷ್ಯ ಹೆಸರಿಡುವ ಮೊದಲೇ ರೋಗ ಇತ್ತು. ಕವಿಯ ಕಣ್ಣಿಗೆ ಅದು ಬಿದ್ದಿತ್ತು.

ಇದನ್ನೆಲ್ಲ ತಿಳಿಯುವುದರಿಂದ ಲಾಭವೇನು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ತಪ್ಪುತ್ತದೆ. ಎಲೆ ಹಳದಿಯಾಯಿತೆಂದು ಶಿಲೀಂಧ್ರನಾಶಕ ಸಿಂಪಡಿಸಿದರೆ ಹಣ ಹೋಗುವುದೇ ಹೊರತು ರೋಗ ಹೋಗದು, ವೈರಸ್ಸು ಶಿಲೀಂಧ್ರವಲ್ಲ. ಒಮ್ಮೆ ರೋಗ ಹತ್ತಿದ ಗಿಡವನ್ನು ಗುಣಪಡಿಸುವ ಔಷಧಿಯಿಲ್ಲ. ಅಂಥ ಗಿಡವನ್ನು ಎಳೆಯದರಲ್ಲೇ ಕಿತ್ತು ನಾಶಮಾಡುವುದು, ಬದುವಿನ ಕಳೆ ತೆಗೆಯುವುದು, ಹಳದಿ ಅಂಟು ಹಾಳೆ ಕಟ್ಟಿ ಬಿಳಿ ನೊಣವನ್ನು ಹಿಡಿಯುವುದು, ರೋಗ ತಡೆಯುವ ತಳಿ ಬಿತ್ತುವುದು, ಇವೇ ದಾರಿಗಳು. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕಾ ಅನಾಮಿಕಾ' ಅಂಥದೊಂದು ತಳಿಯಾಗಿ ಬಂದಿತು. ಅದೂ ಹಲವೆಡೆ ಕ್ರಮೇಣ ರೋಗಕ್ಕೆ ಸೋತಿತು. ಆದ್ದರಿಂದ ತಳಿಯೊಂದನ್ನೇ ನಂಬಿ ಕೂಡುವಂತಿಲ್ಲ.

ಬೆಂಡೆಯ ಈ ವೈರಸ್ಸು ಮನುಷ್ಯರಿಗೆ ತಗಲುವುದಿಲ್ಲ. ಅದರ ಪೆಟ್ಟು ರೈತನ ಗಳಿಕೆಗೆ. ನಮ್ಮಲ್ಲಿ ಅನೇಕರು ರಜೆಗೆ ಊರಿಗೆ ಹೋದಾಗ ಹಿರಿಯರೊಡನೆ ಹೊಲಕ್ಕಿಳಿಯುವವರು. ಔಷಧಿ ಕೊಳ್ಳುವ ಮೊದಲು ಎಲೆಯ ಬೆನ್ನನ್ನೊಮ್ಮೆ ತಿರುವಿ, ಬಿಳಿ ನೊಣವಿದೆಯೇ ಎಂದು ನೋಡುವಂತೆ ಅವರಿಗೆ ಹೇಳೋಣ.